ಹಗ್ಗದ ಇನ್ನೊಂದು ತುದಿ

ರಗಳೆ ಶುರುವಾದದ್ದು ಮೂವತ್ತೆರಡು ಪುಟದ ಒಂದು ಪುಸ್ತಿಕೆಯಿಂದ. ಕನ್ನಡಕದ ಕಾಲು ಮುರಿದುಕೊಂಡು ಅಂಗಡಿಗೆ ಬಂದಿದ್ದ ವಕೀಲರೊಬ್ಬರು, ಹೊಸ ಕಾಲು ಹಾಕಿಸಿಕೊಂಡು ಹೋಗುವಾಗ ಅದನ್ನು ಕೌಂಟರಿನ ಮೇಲಿಟ್ಟರು. ನಾನೇ ಬರೆದದ್ದು, ಬಿಡುವಾದಾಗ ಕಣ್ಣಾಡಿಸಿ ಅಂದರು. ಆ ಮಾತನ್ನು ಯಾರಿಗೆ ಹೇಳಬಾರದಿತ್ತೋ ಸರಿಯಾಗಿ ಅವನಿಗೇ ಹೇಳಿದ್ದರು.

ಆ ಅಂಗಡಿಯವನು ಇಪ್ಪತ್ತು ವರ್ಷದಿಂದ ಜನರಿಗೆ ಗೋಡೆಯ ಮೇಲಿನ ಅಕ್ಷರದ ಪಟ್ಟಿ ಓದಿಸಿ ಕನ್ನಡಕ ಮಾಡಿಕೊಡುತ್ತಿದ್ದವನು. ಪಟ್ಟಿಯ ಮೇಲಿನ ದಪ್ಪ ಅಕ್ಷರ ಯಾರು ಬೇಕಾದರೂ ಓದುತ್ತಾರೆ, ವಿಷಯವೆಲ್ಲ ಇರುವುದು ಕೊನೇ ಸಾಲಿನಲ್ಲೇ ಅನ್ನುವ ನಂಬಿಕೆ ಅವನಲ್ಲಿ ಬೇರುಬಿಟ್ಟಿತ್ತು. ಔಷಧದ ಬಾಟಲಿಯ ಹಿಂಭಾಗ, ಬಸ್ ಟಿಕೆಟ್ಟಿನ ಬೆನ್ನು, ಬೆಂಕಿಪೊಟ್ಟಣದ ಬದಿ, ಒಂದನ್ನೂ ಬಿಟ್ಟವನಲ್ಲ. ಮೋಡವಿಲ್ಲದ ದಿನವೂ ಕೊಡೆ ಹಿಡಿಯುತ್ತಿದ್ದ. ಕೊಡೆ ಕೈಕೊಟ್ಟರೆ ಎಂದು ಮಳೆಕೋಟನ್ನೂ ಮಡಚಿ ಚೀಲಕ್ಕೆ ತುರುಕುತ್ತಿದ್ದ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ಯಾವುದಕ್ಕೂ ಇರಲಿ." ಹಾಗಾಗಿ ಬೀದಿಯವರು ಅವನಿಗೆ ಇರಲಿರಾಯ ಅಂತಲೇ ಹೆಸರಿಟ್ಟಿದ್ದರು. ನಿಜವಾದ ಹೆಸರು ಅಂಗಡಿಯ ಬೋರ್ಡಿನಲ್ಲಿ ಮಾತ್ರ ಉಳಿದಿತ್ತು, ಅದೂ ಬಿಸಿಲಿಗೆ ಅರ್ಧ ಮಾಸಿತ್ತು.

ಪುಸ್ತಿಕೆಯಲ್ಲಿ ಮೂರು ಭಾಗ. ಕೆಲಸಕ್ಕೆ ಜನ ಇಟ್ಟುಕೊಂಡವರಿಗೆ ಒಂದು, ಆಸ್ತಿ ಕೊಳ್ಳುವವರಿಗೆ ಒಂದು, ಸಂಸಾರಸ್ಥರಿಗೆ ಒಂದು. ಇರಲಿರಾಯ ಮೂರನ್ನೂ ಸಾಲು ಬಿಡದೆ ಓದಿ ಜಾರಿಗೆ ತರಲು ಹೊರಟ. ಅಂಗಡಿಯಲ್ಲಿ ಗಾಜು ಉಜ್ಜುವ ಮುದುಕ ಮೇಸ್ತ್ರಿಗೆ ನೇಮಕಾತಿ ಪತ್ರ ಬರೆದುಕೊಟ್ಟ. ಅದರಲ್ಲಿ ಆರು ತಿಂಗಳ ಪರೀಕ್ಷಾ ಅವಧಿ ಅಂತ ಬೇರೆ ಇತ್ತು. ಮೇಸ್ತ್ರಿ ಅದನ್ನು ಓದಿ, ಇವನಿಗೆ ಈ ಕೆಲಸ ಕಲಿಸಿದ್ದೇ ನಾನು ಅಂತ ಗೋಡೆಗೆ ಹೇಳಿ ಮತ್ತೆ ಗಾಜು ಉಜ್ಜತೊಡಗಿದ. ಇರಲಿರಾಯ ತನ್ನ ಮನೆಯಲ್ಲಿರುವ ಚರಾಸ್ತಿಯ ಪಟ್ಟಿ ಮಾಡಿ ಹೆಂಡತಿಯ ಸಹಿ ಕೇಳಿದ. ಅವಳು ಚಮಚ, ತಟ್ಟೆ, ಬಾಣಲೆ ಎಲ್ಲದರ ಕೆಳಗೆ 'ಮೇಲಿನ ಎಲ್ಲವನ್ನೂ ತೊಳೆಯುತ್ತಿರುವವಳು' ಎಂದು ಬರೆದು ಸಹಿ ಹಾಕಿದಳು.

ಉಳಿದದ್ದು ಆಸ್ತಿಯ ಭಾಗ. ಅದು ತಮಾಷೆಯ ಮಾತಾಗಿರಲಿಲ್ಲ.

ಗಂಡ ಹೆಂಡತಿ ಹದಿನಾಲ್ಕು ವರ್ಷದಿಂದ ಇದ್ದ ಬಾಡಿಗೆಮನೆಯ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಈರುಳ್ಳಿ ಹುರಿದರೆ ಹೊಗೆ ಎಲ್ಲ ಕೋಣೆಗೂ ಹೋಗಿ, ಎಲ್ಲರನ್ನೂ ಮಾತಾಡಿಸಿಕೊಂಡು, ಕೊನೆಗೆ ಮುಂಬಾಗಿಲಿಂದ ಆಚೆ ಹೋಗುತ್ತಿತ್ತು. ಹೆಂಡತಿ ಸ್ವಂತ ಮನೆ ಬೇಕು ಅಂತ ಯಾವತ್ತೂ ಕೇಳಿದವಳಲ್ಲ. "ನಂಗೊಂದು ಕಿಟಕಿ ಬೇಕು. ಅದರ ಸುತ್ತ ನೀವು ಯಾವ ಮನೆ ಬೇಕಾದ್ರೂ ತಗೊಳ್ಳಿ" ಅಂದಿದ್ದಳು. ಅಂಥ ಕಿಟಕಿ ಕೊನೆಗೂ ಸಿಕ್ಕಿತ್ತು. ಬೆಳಗಿನ ಬಿಸಿಲು ನೇರ ಒಲೆಯ ಪಕ್ಕಕ್ಕೆ ಬೀಳುವ ಕಿಟಕಿ. ಮನೆ ಒಬ್ಬ ನಿವೃತ್ತ ಬಸ್ ಕಂಡಕ್ಟರ್‌ದು. ಮೂವತ್ತು ವರ್ಷ 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ಕೂಗಿ ದನಿಯೆಲ್ಲ ಖರ್ಚಾಗಿತ್ತೋ ಏನೋ, ಅವರಿಗೆ ಮಾತು ಕಮ್ಮಿ. ಮಾರುತ್ತಿರುವ ಕಾರಣ ಕೇಳಿ ಅಂತ ಪುಸ್ತಿಕೆಯಲ್ಲಿತ್ತು, ಇರಲಿರಾಯ ಕೇಳಿದ್ದ. ಕಂಡಕ್ಟರ್ ಕಾಂಪೌಂಡಿನ ಆಚೆ ಈಚೆ ನೋಡಿ, "ಮನೆ ಬಗ್ಗೆ ನಂಗೇನೂ ಬೇಜಾರಿಲ್ಲ" ಅಂದಿದ್ದರು. ಇರಲಿರಾಯ ಅದನ್ನು ಒಳ್ಳೆಯ ಉತ್ತರ ಅಂತ ಟಿಪ್ಪಣಿ ಮಾಡಿಕೊಂಡಿದ್ದ.

ಕರಾರುಪತ್ರವನ್ನು ತಿಂಗಳ ಹಿಂದೆ ಇರಲಿರಾಯನೇ ಬರೆದು, ಮುಂಗಡವನ್ನೂ ಕೊಟ್ಟಿದ್ದ. ಪುಸ್ತಿಕೆಯ ಎಂಟನೇ ಸೂಚನೆಯಂತೆ ಅದರಲ್ಲೊಂದು ಷರತ್ತು: ನೋಂದಣಿಯ ದಿನ ಸಂಜೆ ನಾಲ್ಕು ಗಂಟೆಯೊಳಗೆ ಎರಡು ಕಡೆಯವರಲ್ಲಿ ಯಾರಿಗೆ ಮನಸ್ಸು ಬದಲಾದರೂ, ಕಾರಣ ಕೊಡದೆ ಹಿಂದೆ ಸರಿಯಬಹುದು. ಇದ್ಯಾಕೆ ಅಂತ ಕಂಡಕ್ಟರ್ ಕೇಳಿದ್ದಕ್ಕೆ ಯಾವುದಕ್ಕೂ ಇರಲಿ ಅಂದಿದ್ದ. ಬಾಡಿಗೆಮನೆ ಬಿಡುವ ಬಗ್ಗೆ ಮಾಲೀಕರಿಗೂ ಲಿಖಿತ ನೋಟೀಸು ಕೊಟ್ಟಾಗಿತ್ತು. ಅಲ್ಲಿಗೆ ಹೊಸ ಬಾಡಿಗೆದಾರರು ನೋಂದಣಿಯ ದಿನವೇ ಸಂಜೆ ಬರುವವರು. ನಾಲ್ಕಕ್ಕೆ ನೋಂದಣಿ, ಐದಕ್ಕೆ ಹೆಂಡತಿ ಟೆಂಪೋದಲ್ಲಿ ಸಾಮಾನಿನ ಜೊತೆ ಹೊಸ ಮನೆಗೆ. ಎಲ್ಲ ಕನ್ನಡಕದ ಚೌಕಟ್ಟಿಗೆ ಗಾಜು ಕೂತ ಹಾಗೆ ಕೂತಿತ್ತು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಚಹಾ ಕುಡಿಯುತ್ತಾ, ಯಾವುದಕ್ಕೂ ಇರಲಿ ಅಂತ ಇನ್ನೊಮ್ಮೆ ಪುಸ್ತಿಕೆ ತೆಗೆದ. ಹತ್ತೊಂಬತ್ತನೇ ಪುಟದ ಅಡಿಯಲ್ಲಿ, ಇರುವೆ ಹರಿದ ಹಾಗೆ ಸಣ್ಣಗೆ, ಓದಿಯೂ ಜಾರಿಗೆ ತರಲು ಮರೆತಿದ್ದ ಹನ್ನೊಂದನೇ ಸೂಚನೆ ಇತ್ತು: ನೆರೆಹೊರೆಯವರಿಗೆ ಆ ಸ್ವತ್ತಿನಲ್ಲಿ ದಾರಿಯ ಹಕ್ಕು, ಬಳಕೆಯ ಹಕ್ಕು ಇತ್ಯಾದಿ ಇಲ್ಲವೆಂದು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.

ಒಂಬತ್ತು ಗಂಟೆಗೆ ಅವನು ಕಂಡಕ್ಟರ್ ಮನೆಯ ಗೇಟಿಗೆ ದುಂಡಕ್ಷರದ ಒಂದು ಪ್ರಕಟಣೆ ಅಂಟಿಸುತ್ತಿದ್ದ. ಈ ಸ್ವತ್ತಿನ ಮೇಲೆ ಯಾರಿಗಾದರೂ ಯಾವುದೇ ರೀತಿಯ ಹಕ್ಕು, ರೂಢಿ ಅಥವಾ ತಕರಾರು ಇದ್ದಲ್ಲಿ ಮಧ್ಯಾಹ್ನ ಮೂರರೊಳಗೆ ತಿಳಿಸತಕ್ಕದ್ದು.

ಕಂಡಕ್ಟರ್ ಹೊರಗೆ ಬಂದು ಓದಿದರು. ಒಂದು ಸಲ ಓದಿ, ಇನ್ನೊಂದು ಸಲವೂ ಓದಿದರು.

"ನಿಜವಾಗ್ಲೂ ಅಂಟಿಸ್ತೀರಾ?"

"ಯಾವುದಕ್ಕೂ ಇರಲಿ ಅಂತ."

"ಅವ್ರು ಬರ್ತಾರೆ" ಅಂದರು ಕಂಡಕ್ಟರ್, ಕೊನೇ ಬಸ್ಸಿಗೆ ಎಷ್ಟು ಜನ ಹತ್ತುತ್ತಾರೆ ಅಂತ ಗೊತ್ತಿರುವವರ ಹಾಗೆ. ಆಮೇಲೆ ಒಳಗಿನಿಂದ ಕುರ್ಚಿ ತಂದು ಜಗುಲಿಯ ಮೂಲೆಗೆ ಹಾಕಿಕೊಂಡು ಕೂತರು.

ಅಂಟು ಒಣಗುವ ಮುಂಚೆ ಬಲಗಡೆ ಮನೆಯ ಅಜ್ಜಿ ಬಂದರು. ಅವರ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಅವರ ಮನೆಯ ಕೊಕ್ಕೆಗಿತ್ತು, ಇನ್ನೊಂದು ತುದಿ ಕಾಂಪೌಂಡ್ ದಾಟಿ ಬಂದು ಕಂಡಕ್ಟರ್ ಮನೆಯ ಜಗುಲಿ ಕಂಬಕ್ಕೆ. ಅದನ್ನು ಕಟ್ಟಿದ್ದು ತೀರಿಹೋದ ಅವರ ಯಜಮಾನರಂತೆ. "ಮನುಷ್ಯ ಅಷ್ಟೇನೂ ಗಟ್ಟಿ ಇರಲಿಲ್ಲ ಕಣಪ್ಪ, ಗಂಟು ಮಾತ್ರ ಗಟ್ಟಿ ಹಾಕಿದ್ರು" ಅಂದರು ಅಜ್ಜಿ. ಅವರು ಹೋಗಿ ಒಂಬತ್ತು ವರ್ಷ ಆದರೂ ಗಂಟು ಕದಲಿಲ್ಲ, ಈಗ ಯಾರೋ ಕನ್ನಡಕದವನು ಬಂದು ಬಿಚ್ಚಿ ಅಂದರೆ ಬಿಚ್ಚುವುದುಂಟೇ ಅನ್ನುವುದು ಅವರ ಪ್ರಶ್ನೆ.

ಇರಲಿರಾಯ ಮುಕ್ಕಾಲು ಗಂಟೆ ಸಮಾಧಾನ ಮಾಡಿದ. ಅವರ ಅಂಗಳದಲ್ಲೇ ಅವರಿಗೊಂದು ಸ್ವಂತ ಕಂಬ ನೆಟ್ಟುಕೊಡುತ್ತೇನೆ ಅಂದ. ಗಂಟನ್ನು ಬಿಚ್ಚುವುದೂ ಬೇಡ, ಹಾಗೇ ಕತ್ತರಿಸಿ ಕೈಗೆ ಕೊಡುವುದು ಅಂದ. ಅಲ್ಲಿಗೆ ಅಜ್ಜಿಯ ಮುಖ ಸ್ವಲ್ಪ ಸಡಿಲವಾಯಿತು.

"ಕಂಬ ಬರೋ ತನಕ?"

"ನಾನಿದ್ದೀನಲ್ಲ ಅಜ್ಜಿ."

"ಅದನ್ನೂ ಬರಿ."

ಬರೆದ. ಅಜ್ಜಿಗೆ ಈ ಮನೆಯ ಮೇಲೆ ಇನ್ನು ಯಾವ ಹಕ್ಕೂ ಇಲ್ಲ. ಕಂಬ ನೆಡುವ ತನಕ ಹಗ್ಗದ ಇನ್ನೊಂದು ತುದಿಯ ಹೊಣೆ ಬರೆದುಕೊಟ್ಟವನದು. ಬರೆಯುತ್ತಾ ಅವನಿಗೊಂದು ಯೋಚನೆ ಬಂತು. ಮುಂದೆ ತಾನೇ ಈ ಮನೆಯನ್ನು ಇನ್ಯಾರಿಗೋ ಮಾರಿದರೆ? ಆಗ ಅಜ್ಜಿ ಮತ್ತೆ ಹಗ್ಗ ತಂದರೆ? 'ಮನೆಯ ಮಾಲೀಕರು ಯಾರೇ ಆಗಿರಲಿ' ಅಂತ ನಡುವೆ ಸೇರಿಸಿದ. ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ, ಇಂಗ್ಲಿಷಿನಲ್ಲಿ ಸಹಿ ಹಾಕಿ, ಇವತ್ತು ಬೆಡ್‌ಶೀಟ್ ನೆನೆಹಾಕಿದ್ದೇನೆ, ಸಂಜೆ ಗಾಳಿಗೆ ಹಾಕುತ್ತೇನೆ ಅಂತ ಹೇಳಿ ಹೋದರು.

ಮೂಲೆಯ ಕುರ್ಚಿಯಿಂದ ಕಂಡಕ್ಟರ್ ಕೇಳಿದರು, "ಸಹಿ ಹಾಕಿದ್ರಾ? ಅವ್ರಾ?"

"ನೋಡಿ" ಅಂತ ಇರಲಿರಾಯ ಕಾಗದ ತೋರಿಸಿದ. ಕಂಡಕ್ಟರ್ ಅದನ್ನು ಬಿಸಿಲಿಗೆ ಹಿಡಿದು, ಖೋಟಾ ನೋಟು ನೋಡುವ ಹಾಗೆ ನೋಡಿದರು.

ಆಮೇಲೆ ಎಡಮನೆಯ ಡ್ರಿಲ್ ಮೇಷ್ಟ್ರು ಬಂದರು. ಬಂದರು ಅನ್ನುವುದಕ್ಕಿಂತ ಹಾಯ್ದುಹೋದರು ಅನ್ನಬೇಕು. ಹಿಂದಿನ ಗೇಟಿನಿಂದ ಒಳಗೆ ಬಂದು, ಅಂಗಳ ದಾಟಿ, ಮುಂದಿನ ಗೇಟಿಗೆ ಹೋಗಿ, ತಿರುಗಿ ನಿಂತು, ಇದೇ ನನ್ನ ತಕರಾರು ಅಂದರು. ದಿನಾ ಬೆಳಿಗ್ಗೆ ವಾಕಿಂಗಿಗೆ ಅವರ ದಾರಿ ಇದು. ಇಪ್ಪತ್ತೆರಡು ಹೆಜ್ಜೆ. ಬಳಸಿಕೊಂಡು ಹೋಗಿ ಅಂದರೆ ಮುನ್ನೂರ ಹತ್ತು ಹೆಜ್ಜೆ, ಎಣಿಸಿದ್ದಾರೆ. ಹೆಜ್ಜೆಗೇನೂ ಹೆದರುವವರಲ್ಲ ಅವರು. ಆದರೆ ಆ ದಾರಿಯಲ್ಲಿ ಒಂದು ಕಪ್ಪು ನಾಯಿ ಇದೆ.

"ಕಚ್ಚುತ್ತಾ ಸಾರ್?"

"ಕಚ್ಚಲ್ಲ. ನೋಡುತ್ತೆ."

ನಲವತ್ತು ವರ್ಷ ಸಾವಿರಾರು ಹುಡುಗರನ್ನು ಒಂದೇ ಸೀಟಿಯಲ್ಲಿ ನಿಲ್ಲಿಸಿದ ಮನುಷ್ಯ ಅದನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದರೆಂದರೆ, ಇರಲಿರಾಯ ಪೆನ್ನಿನ ಮುಚ್ಚಳ ತೆಗೆದ. ದಿನಾ ಬೆಳಿಗ್ಗೆ ಐದೂ ಮುಕ್ಕಾಲಿಗೆ ನಾನೇ ಜೊತೆಗೆ ಬರುತ್ತೇನೆ ಅಂದುಬಿಟ್ಟ. ಮೇಷ್ಟ್ರು ಕೂಡಲೇ ಎದೆ ಸೆಟೆಸಿ, ನಾಳೆ ನೀವು ಮನೆ ಬಿಟ್ಟು ಎಲ್ಲಿಗಾದರೂ ಹೋಗಿಬಿಟ್ಟರೆ ಅಂತ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. 'ಮಾಲೀಕರು ಯಾರೇ ಆಗಿರಲಿ' ಅಂತ ದಾರಿ ಬಿಡಿಸಿ ಬರೆದ ಪತ್ರಕ್ಕೆ 'ನಾನು ಎಲ್ಲೇ ವಾಸವಿರಲಿ' ಅಂತಲೂ ಸೇರಿಸಿ ಮೇಷ್ಟ್ರ ಸಹಿ ಪಡೆದ. ಎಲ್ಲ ಪತ್ರವೂ ಒಂದೇ ತೆರ ಇರಲಿ ಅಂತ ಅಜ್ಜಿಯ ಪತ್ರದಲ್ಲೂ ಹೋಗಿ ಸೇರಿಸಿ ಬಂದ. ಅಷ್ಟರಲ್ಲಿ ಕಂಡಕ್ಟರ್ ಕುರ್ಚಿಯನ್ನು ಎರಡು ಅಡಿ ಹತ್ತಿರ ಎಳೆದುಕೊಂಡಿದ್ದರು. ಇರಲಿರಾಯನಿಗೆ ಒಂದು ಲೋಟ ಚಹಾವೂ ಬಂತು.

ಎದುರುಮನೆಯ ಸಂಗೀತದ ಟೀಚರ್ ಬರುವಾಗ ಮಧ್ಯಾಹ್ನ. ಅವರ ಶಿಷ್ಯರ ತಾಯಂದಿರು ಪಾಠ ಮುಗಿಯುವ ತನಕ ಕೂರುವುದು ಈ ಜಗುಲಿಯ ಮೇಲೆ. ಹನ್ನೊಂದು ಮಂದಿ, ವಾರಕ್ಕೆ ಐದು ದಿನ, ಜೊತೆಗೆ ತಿಂಡಿಡಬ್ಬಿ ಮತ್ತು ಊರಿನ ಸಮಾಚಾರ. ಕೂರಲು ಜಾಗ ಇಲ್ಲ ಅಂದರೆ ಅವರು ಮಕ್ಕಳನ್ನು ಕಳಿಸುವುದಿಲ್ಲ. ತಾಯಂದಿರಿಗೆ ಅವರ ಮನೆಯೊಳಗೇ ಕುರ್ಚಿ ಹಾಕಬಹುದಲ್ಲ ಅಂತ ಇರಲಿರಾಯ ಸೂಚಿಸಿದ.

"ಒಳಗೆ ಕೂತ್ರೆ ಹಾಡು ಕೇಳಿಸುತ್ತಲ್ರೀ" ಅಂದರು ಟೀಚರ್. ಹೆತ್ತವರು ಕೇಳಿಸಿಕೊಂಡರೆ ಮೊದಲ ವಾರದಲ್ಲೇ ಬಿಡಿಸಿಬಿಡುತ್ತಾರೆ, ಅದಕ್ಕೇ ಇಷ್ಟು ದೂರದ ಜಗುಲಿ ಅಂತ ಒಪ್ಪಿಕೊಂಡರು. ಒಬ್ಬ ಶಿಷ್ಯ ಕಮ್ಮಿಯಾದರೂ ಆ ಜಾಗ ತುಂಬುವವರು ಯಾರು ಅಂತ ಕಣ್ಣು ಒದ್ದೆ ಮಾಡಿಕೊಂಡರು. ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಇರಲಿರಾಯ ಅವಸರದಲ್ಲಿ ನಾನೇ ತುಂಬುತ್ತೇನೆ ಅಂದ. ಟೀಚರ್ ಕಣ್ಣೊರೆಸಿಕೊಂಡು, ಹಾಗಾದರೆ ಒಂದು ಸ್ವರ ಹಿಡಿಯಿರಿ ಅಂದರು. ಹಿಡಿದ. ಗಾಜು ಉಜ್ಜುವ ಚಕ್ರಕ್ಕೆ ಎಣ್ಣೆ ಹಾಕದೆ ಬಿಟ್ಟರೆ ಬರುವ ದನಿ ಅದು. ಆಚೆ ರಸ್ತೆಯಲ್ಲಿ ಕಪ್ಪು ನಾಯಿ ಉತ್ತರ ಕೊಟ್ಟಿತು. ಟೀಚರ್ ಮಾತ್ರ ಹನ್ನೊಂದು ಮಕ್ಕಳನ್ನು ಸಹಿಸಿಕೊಂಡವರು, ತಲೆಯಾಡಿಸಿ, ಜಗುಲಿ ಬಿಟ್ಟುಕೊಟ್ಟು ಸಹಿ ಹಾಕಿದರು. ವಾರಕ್ಕೆ ಮೂರು ಪಾಠ, ಅವನು ಎಲ್ಲೇ ವಾಸವಿರಲಿ.

ಕಂಡಕ್ಟರ್ ಮೊದಲ ಸಲ ನಕ್ಕರು. ಇರಲಿರಾಯನಿಗೆ ಊಟ ಹಾಕಿಸಿದರು. ಮೂರೂ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿ ಜಗುಲಿಯನ್ನೂ ಖಾಲಿ ಅಂಗಳವನ್ನೂ ಹೊಸ ಜಾಗ ನೋಡುವ ಹಾಗೆ ನೋಡುತ್ತಿದ್ದರು. ಮಾರುವವರು ಇಷ್ಟು ಖುಷಿಯಾಗಿದ್ದರೆ ದಸ್ತಾವೇಜು ಸಲೀಸು ಅಂದುಕೊಂಡ ಇರಲಿರಾಯ.

ಇನ್ನೇನು ಮುಗಿಯಿತು ಅನ್ನುವಾಗ ಮೂಲೆಯ ಇಸ್ತ್ರಿ ಅಂಗಡಿಯವನು ಬಂದು ನಿಂತ. ಅವನಿಗೆ ತಕರಾರೇನೂ ಇರಲಿಲ್ಲ, ಅದೇ ಅವನ ತಕರಾರು. ಬೀದಿಯಲ್ಲಿ ಎಲ್ಲರಿಗೂ ಏನೋ ಒಂದು ಹಕ್ಕು ಇದೆ, ನಾನೊಬ್ಬನೇ ಏನು ಪಾಪ ಮಾಡಿದ್ದೆ ಅಂತ ಕೇಳಿದ. ಏನೂ ಇಲ್ಲದವರು ಬರೆದುಕೊಡುವುದು ಬೇಡ ಅಂದರೆ ಅವನ ಮುಖ ನೆನೆದ ಕಾಲರಿನ ಹಾಗೆ ಬಾಡಿತು. ಅರ್ಧ ಗಂಟೆ ಇಬ್ಬರೂ ಕೂತು ಅವನ ಹಕ್ಕು ಹುಡುಕಿದರು. ಕೊನೆಗೆ ಸಿಕ್ಕಿತು. ಹನ್ನೆರಡು ವರ್ಷದಿಂದ ಅವನು ಹೊತ್ತು ನೋಡಿಕೊಳ್ಳುತ್ತಿದ್ದದ್ದು ತನ್ನ ಅಂಗಡಿಯಿಂದಲೇ, ಕಂಡಕ್ಟರ್ ಮನೆಯ ಕಿಟಕಿಯೊಳಗೆ ಕಾಣುವ ಗೋಡೆ ಗಡಿಯಾರದಲ್ಲಿ.

"ನಾಳೆ ನೀವು ಪರದೆ ಹಾಕಿದ್ರೆ ನನ್ನ ಹೊತ್ತೇ ನಿಂತುಹೋಗುತ್ತೆ ಅಣ್ಣಾ" ಅಂದ ಹೆಮ್ಮೆಯಿಂದ.

ಇರಲಿರಾಯ ತನ್ನ ಕೈಗಡಿಯಾರ ಬಿಚ್ಚಿ ಅವನ ಕೈಗೆ ಕಟ್ಟಿದ. ಅದು ಕೆಟ್ಟರೆ ರಿಪೇರಿ ಜೀವನಪರ್ಯಂತ ನನ್ನದು ಅಂತಲೂ ಬರೆದುಕೊಟ್ಟ. ಅವನು ನಾಲ್ಕು ಸಾಲಿನ ಕಾಗದಕ್ಕೆ ಎರಡು ಕಡೆ ಸಹಿ ಹಾಕಿ, ಗಡಿಯಾರ ನೋಡಿ, "ಅಣ್ಣಾ, ಮೂರೂಕಾಲು" ಅಂದ.

ಕಂಡಕ್ಟರ್ ಸ್ಕೂಟರಿನಲ್ಲಿ ಮುಂದೆ ಹೋದರು. ನಾಲ್ಕೂ ಕಾಗದ ಜೋಪಾನವಾಗಿರಲಿ ಅಂತ ತಾವೇ ತೆಗೆದುಕೊಂಡರು. ಇರಲಿರಾಯ ಬಸ್ ಹಿಡಿದು, ಬಸ್ಸಿನಲ್ಲಿ ಪಕ್ಕದವರನ್ನು ಆರು ಸಲ ಟೈಮ್ ಕೇಳಿ, ನೋಂದಣಿ ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಕಾರಿಡಾರಿನ ಬೆಂಚಿನ ಮೇಲೆ ಕಂಡಕ್ಟರ್ ಶಾಂತವಾಗಿ ಕೂತಿದ್ದರು. ಪಕ್ಕದಲ್ಲಿ ಮುಂಗಡದ ಲಕೋಟೆ ಇತ್ತು. ಇವನನ್ನು ಕಂಡವರೇ ಎದ್ದುನಿಂತು ಅದನ್ನು ಇವನ ಕೈಗಿಟ್ಟರು.

"ಏನಿದು ಸಾರ್?"

"ನಿಮ್ಮ ಮುಂಗಡ. ಎಣಿಸ್ಕೊಳ್ಳಿ. ನಂಗೆ ಮನಸ್ಸು ಬದಲಾಯ್ತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇದೆ."

ಕಾರಣ ಕೊಡಬೇಕಾಗಿಲ್ಲ ಅಂತ ಕರಾರಿನಲ್ಲಿದ್ದರೂ ಕಂಡಕ್ಟರ್ ಒಳ್ಳೆಯ ಮನುಷ್ಯ, ಕೊಟ್ಟರು. ಬದುಕಿಡೀ ಅವರು ಅಷ್ಟು ಉದ್ದ ಮಾತಾಡಿರಲಿಲ್ಲ.

"ಮನೆ ಬಗ್ಗೆ ಬೇಜಾರಿಲ್ಲ ಅಂದಿದ್ದೆ ತಾನೆ? ಬೇಜಾರು ಇದ್ದಿದ್ದು ಈ ಅಕ್ಕಪಕ್ಕದವ್ರದ್ದು. ಇಪ್ಪತ್ತು ವರ್ಷ ಹೇಳಿ ನೋಡ್ದೆ, ಜಗಳ ಆಡಿ ನೋಡ್ದೆ, ಒಬ್ರೂ ಕದಲ್ಲಿಲ್ಲ. ನಾನೇ ಕದಲೋಣ ಅಂತ ಮನೆ ಮಾರಕ್ಕೆ ಹೊರಟೆ. ನೀವು ಒಂದೇ ದಿನದಲ್ಲಿ ಎಲ್ಲರ ಹತ್ರಾನೂ ಬರೆಸ್ಕೊಂಡ್ರಿ, ಅದೂ ಮಾಲೀಕರು ಯಾರೇ ಆಗಿರಲಿ ಅಂತ. ಹಗ್ಗ ಇಲ್ಲ, ದಾರಿ ಇಲ್ಲ, ಜಗುಲಿ ಖಾಲಿ. ಇಂಥಾ ಮನೇನ ಯಾರಾದ್ರೂ ಮಾರ್ತಾರೇನ್ರೀ?"

ಅಷ್ಟರಲ್ಲಿ ಇರಲಿರಾಯನ ಕಣ್ಣಿಗೆ ಕಾರಿಡಾರಿನ ಆ ತುದಿಯಲ್ಲಿ, ತಾನೇ ಹಾಕಿಕೊಟ್ಟ ಕನ್ನಡಕದ ಕಾಲು ಕಂಡಿತು. ಪುಸ್ತಿಕೆಯ ವಕೀಲರು. ಓಡಿಹೋಗಿ ಅವರ ಕೈಗೆ ಕರಾರುಪತ್ರ ಕೊಟ್ಟ. ಕಂಡಕ್ಟರ್ ನಾಲ್ಕೂ ಕಾಗದ ತೋರಿಸಿದರು. ವಕೀಲರು ಗೋಡೆಗೆ ಒರಗಿ ಎಲ್ಲವನ್ನೂ ನಿಧಾನವಾಗಿ ಓದಿದರು. ಓದುತ್ತಾ ಓದುತ್ತಾ ಮುಖ ಅರಳಿತು.

"ಯಾರು ಬರೆದದ್ದು ಇದು? ಎಲ್ಲೂ ಒಂದು ಸಂದಿಲ್ಲ."

"ನಾನೇ ಸಾರ್. ನಿಮ್ಮ ಪುಸ್ತಕ ನೋಡಿ."

ನನ್ನ ಪುಸ್ತಕವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ನೀವೇ ಮೊದಲು ಅಂತ ವಕೀಲರು ಅವನ ಕೈ ಕುಲುಕಿದರು. ಕರಾರು ಗಟ್ಟಿ, ಅವರು ಹಿಂದೆ ಸರಿದದ್ದು ಸರಿ. ನೆರೆಯವರ ಪತ್ರಗಳೂ ಗಟ್ಟಿ. ಇವನು ಕೊಟ್ಟ ಮಾತುಗಳಂತೂ ಇನ್ನೂ ಗಟ್ಟಿ. ಆದರೆ ಮೊದಲು ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತೇ ಅಂದರು. ಪುಸ್ತಿಕೆಯಲ್ಲಿ ಹಾಗಂತ ಎಲ್ಲಿದೆ ಅಂತ ಇರಲಿರಾಯ ಜೇಬಿನಿಂದ ತೆಗೆದು ತೋರಿಸಿದ. ವಕೀಲರು ರಟ್ಟಿನ ಮೇಲೆ ಬೆರಳಿಟ್ಟರು. ಅಲ್ಲಿ, ಹೆಬ್ಬೆರಳಿನ ಗಾತ್ರದ ಅಕ್ಷರದಲ್ಲಿ, 'ಏನೇ ಮಾಡುವ ಮೊದಲು ವಕೀಲರನ್ನು ಕಾಣಿ' ಅಂತ ಇತ್ತು.

"ಅಷ್ಟು ದೊಡ್ಡ ಅಕ್ಷರ ಓದಿ ಅಭ್ಯಾಸ ಇಲ್ಲ ಸಾರ್" ಅಂದ ಇರಲಿರಾಯ.

ಒಳಗಿನ ಗಡಿಯಾರ ನಾಲ್ಕು ಹೊಡೆಯಿತು.

ಸಾಮಾನು ತುಂಬಿದ ಟೆಂಪೋ ಆಗಲೇ ದಾರಿಯಲ್ಲಿತ್ತು. ಹಳೇ ಮನೆಗೆ ಹೊಸಬರು ಬಂದಾಗಿತ್ತು. ಹೆಂಡತಿಗೆ ಹೇಗೆ ಹೇಳುವುದು ಅಂತ ಹದಿನೇಳು ಥರ ಯೋಚಿಸುತ್ತಾ, ಇರಲಿರಾಯ ಬೇರೆ ದಾರಿ ಕಾಣದೆ ಅದೇ ಬೀದಿಗೆ ವಾಪಸ್ ಬಂದ. ಕಂಡಕ್ಟರ್ ಮುಂಚೆಯೇ ತಲುಪಿದ್ದರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಕತ್ತರಿ. ಪತ್ರದ ಪ್ರಕಾರ ಗಂಟನ್ನು ಬಿಚ್ಚದೆ ಹಾಗೇ ಕತ್ತರಿಸಿ ಅಜ್ಜಿಗೆ ಕೊಟ್ಟಾಗಿತ್ತು. ಅಜ್ಜಿ ಅದನ್ನು ಒಳಗೆ ಬೀರುವಿನಲ್ಲಿಟ್ಟು, ಹಿಂಡಿದ ಬೆಡ್‌ಶೀಟುಗಳ ಬಕೆಟ್ಟಿನ ಜೊತೆ ಅಂಗಳದಲ್ಲಿ ಕಾಯುತ್ತಿದ್ದರು.

"ಬಂದ್ಯೇನಪ್ಪ" ಅಂತ ಹಗ್ಗದ ತುದಿ ಅವನ ಕೈಗಿತ್ತರು. "ಎರಡೂ ಕೈಲಿ ಹಿಡಿ, ಡಬಲ್ ಬೆಡ್‌ದು."

ಹಿಡಿದ. ಮೊದಲ ಬೆಡ್‌ಶೀಟ್ ಬಿದ್ದಾಗ ತೋಳು ಜಗ್ಗಿತು, ಎರಡನೆಯದಕ್ಕೆ ಸೊಂಟ. ಮೂರನೆಯದು ಬೀಳುವಾಗ ಟೆಂಪೋ ಬಂದು ನಿಂತಿತು. ಹೆಂಡತಿ ಇಳಿದಳು. ಅವಳ ಕೈಯಲ್ಲಿ ಒಂದು ಪುಟ್ಟ ಕುಂಡ ಇತ್ತು, ಕಿಟಕಿಗೆ ಇಡಲು ತಂದದ್ದು. ಒದ್ದೆ ಬೆಡ್‌ಶೀಟಿನ ಮೇಲಿಂದ ಗಂಡನ ತಲೆ ಮಾತ್ರ ಕಾಣುತ್ತಿತ್ತು.

ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಆ ತಲೆ ನೋಡಿದರೆ ಸಾಕಿತ್ತು. ಆದರೂ ಇರಲಿರಾಯ ಇದ್ದದ್ದನ್ನು ಇದ್ದ ಹಾಗೆ ಎಲ್ಲ ಹೇಳಿದ, ಹಗ್ಗ ಸಡಿಲ ಬಿಡದೆ. ಅವಳು ಕುಂಡವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಕಂಡಕ್ಟರ್ ಮನೆಯ ಅಡುಗೆಮನೆ ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿದಳು.

ಕಂಡಕ್ಟರ್‌ಗೂ ಕಸಿವಿಸಿಯಾಯಿತು. ಹಿಂದುಗಡೆ ಎರಡು ಕೋಣೆ ಖಾಲಿ ಇವೆ, ಬಾಡಿಗೆಗೆ ಇರಬಹುದು ಅಂದರು. ಹೇಗೂ ಇವರಿಗೆ ಬೆಳಿಗ್ಗೆ ಐದೂ ಮುಕ್ಕಾಲಿಗೆ ಇಲ್ಲಿಗೇ ಬರಬೇಕಲ್ಲ, ಹತ್ತಿರವೂ ಆಗುತ್ತದೆ. ಗಾಳಿ ಬೆಳಕು ಪರವಾಗಿಲ್ಲ.

"ಅಡುಗೆಮನೆಗೆ ಒಂದು ಕಿಟಕಿ ಇಲ್ಲ ತಾಯಿ, ಅದೊಂದೇ."

ಆಚೆ ಕಡೆಯಿಂದ ಸಂಗೀತದ ಟೀಚರ್ ಮೊದಲ ಪಾಠ ನಾಳೆ ಆರೂವರೆಗೆ ಅಂತ ಕೂಗಿ ಹೇಳಿದರು. ಇಸ್ತ್ರಿಯವನು ಗಡಿಯಾರ ಕಿವಿಗೆ ಹಿಡಿದು, ಅಣ್ಣಾ, ಇದು ನಿಂತಿದೆಯಾ ಅಂತ ಕೇಳಿದ.

ಹೆಂಡತಿ ಟೆಂಪೋದವನಿಗೆ ಸಾಮಾನು ಹಿಂದುಗಡೆಗೆ ಇಳಿಸಲು ಹೇಳಿದಳು. ಆಮೇಲೆ ಬೆಡ್‌ಶೀಟಿನ ಹತ್ತಿರ ಬಂದು, ಗಂಡನ ಜೇಬಿನಿಂದ ಪೆನ್ನನ್ನೂ ಪುಸ್ತಿಕೆಯನ್ನೂ ತೆಗೆದುಕೊಂಡಳು.

"ಬಾಡಿಗೆ ಮಾತು ನಾನು ಆಡ್ತೀನಿ. ನೀವು ಏನೂ ಬರೆಯಕ್ಕೆ ಹೋಗ್ಬೇಡಿ."

"ಕೈ ಎಲ್ಲಿ ಖಾಲಿ ಇದೆ ಮಾರಾಯ್ತಿ" ಅಂದ ಇರಲಿರಾಯ.

ಅಜ್ಜಿ ನಾಲ್ಕನೇ ಬೆಡ್‌ಶೀಟ್ ಹಾಕಿದರು. ಹಾಕಿ, ಮೋಡವಿಲ್ಲದ ಆಕಾಶವನ್ನೊಮ್ಮೆ ನೋಡಿ, ಅವನ ಚೀಲದಿಂದ ಕೊಡೆ ತೆಗೆದು ಬಿಚ್ಚಿ, ಯಾವುದಕ್ಕೂ ಇರಲಿ ಅಂತ ಬೆಡ್‌ಶೀಟಿನ ಮೇಲೆ ಹಿಡಿದರು.